ದುರ್ಬೀನು ಹೊತ್ತವರು

ನನ್ನ ಹಳೆಯ ಶಿಷ್ಯನೊಬ್ಬ ಕಳೆದ ಚಳಿಗಾಲದಲ್ಲಿ ಒಂದು ಸಲಹೆ ಕೇಳಲು ಮನೆಗೆ ಬಂದಿದ್ದ. ಕಾಲೇಜಿನಲ್ಲಿ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡವನು. ಈಗ ತಾನೇ ಪ್ರಾಣಿಶಾಸ್ತ್ರದ ಅಧ್ಯಾಪಕ. ರಜೆ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಕೆರೆ ಬಯಲುಗಳಲ್ಲಿ, ಕುರುಚಲು ಗುಡ್ಡಗಳಲ್ಲಿ ಹಕ್ಕಿಗಳನ್ನು ಎಣಿಸುತ್ತ ತಿರುಗುವುದು ಅವನ ಹವ್ಯಾಸ. ಅವನ ಕೈಯಲ್ಲೊಂದು ಹೊಸ ಬೈನಾಕ್ಯುಲರ್ ಇತ್ತು. ದೂರದ್ದನ್ನು ಹತ್ತಿರಕ್ಕೆ ತರುವುದಷ್ಟೇ ಅಲ್ಲ, ಗುಂಡಿ ಒತ್ತಿದರೆ ಆ ದೂರ ಎಷ್ಟು ಮೀಟರು ಎಂಬುದನ್ನೂ ಅಂಕಿಗಳಲ್ಲಿ ತೋರಿಸುವ ಯಂತ್ರ ಅದು. ತೂಕ ಹತ್ತಿರ ಹತ್ತಿರ 1 ಕಿಲೋ. ಅದನ್ನು ಕೊರಳಿಗೆ ನೇತುಹಾಕಿಕೊಂಡು ದಿನವಿಡೀ ನಡೆದರೆ ಕತ್ತು ಬಿದ್ದುಹೋಗುತ್ತದೆಂದೂ, ಭಾರವನ್ನು ಹೆಗಲಿಗೆ ಹಂಚಿ ಯಂತ್ರವನ್ನು ಎದೆಯ ಮೇಲೆ ನಿಲ್ಲಿಸುವ ಪಟ್ಟಿಗಳು ಈಗ ಬಗೆಬಗೆಯಾಗಿ ಸಿಗುತ್ತವೆಂದೂ ಹೇಳಿ, "ಯಾವುದನ್ನು ತರಿಸಲಿ ಸಾರ್?" ಎಂದು ಕೇಳಿದ.

ಪಂಪ ರನ್ನರನ್ನು ಪಾಠ ಮಾಡಿ ನಿವೃತ್ತನಾದವನನ್ನು ಕೇಳುವ ಪ್ರಶ್ನೆಯೇ ಇದು ಎಂದು ಕೇಳುಗರಿಗೆ ನಗು ಬರಬಹುದು. ಆದರೆ ಅವನು ದಾರಿತಪ್ಪಿ ಬಂದವನಲ್ಲ. ನಮ್ಮ ಈ ನೆಲವನ್ನು ಮೊದಲು ದುರ್ಬೀನಿನಿಂದ ನೋಡಿ ಅಳೆದವರ ಕಥೆಯನ್ನು ನಾನು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇನೆಂಬುದು ಅವನಿಗೆ ಗೊತ್ತಿತ್ತು.

ಹಕ್ಕಿ ಎಣಿಸುವವನಿಗೆ ದೂರದ ಲೆಕ್ಕವೇಕೆ ಎಂದು ನಾನೂ ಕೇಳಿದ್ದುಂಟು. ಒಂದು ನೇರ ಗೆರೆಯ ಮೇಲೆ ನಡೆಯುತ್ತ, ಕಂಡ ಪ್ರತಿಯೊಂದು ಪ್ರಾಣಿಯೂ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿತ್ತು ಎಂದು ಬರೆದುಕೊಂಡರೆ, ಕಣ್ಣಿಗೆ ಬೀಳದೆ ಉಳಿದವು ಎಷ್ಟಿರಬಹುದೆಂಬುದನ್ನೂ ಗಣಿತದಿಂದ ಹೇಳಬಹುದಂತೆ. ನಾಗರಹೊಳೆಯ ಕಾಡಿನಲ್ಲಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಜಿಂಕೆ, ಕಡವೆ, ಕಾಟಿಗಳನ್ನು ಹೀಗೆಯೇ ಲೆಕ್ಕ ಹಾಕಿದರು. ದೂರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ದೂರವನ್ನು ಅಳೆಯುವ ಮಾತುಗಳು ಕನ್ನಡಕ್ಕೆ ಹೊಸವಲ್ಲ. ಗೇಣು, ಮೊಳ, ಮಾರು ಇವೆಲ್ಲ ಮೈಯಿಂದಲೇ ಹುಟ್ಟಿದ ಅಳತೆಗಳು. ಹರದಾರಿ, ಗಾವುದಗಳು ಕಾಲಿನ ದಣಿವಿನಿಂದ ಹುಟ್ಟಿದವು. ಹರದಾರಿಯೆಂದರೆ ಸುಮಾರು 3 ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ. ಇವೆರಡರ ನಡುವೆ ಕಣ್ಣಳತೆ, ಕೂಗಳತೆ ಎಂಬ ಎರಡು ಮಾತುಗಳಿವೆ. ಕೂಗಿದರೆ ಕೇಳುವಷ್ಟು ದೂರ ಕೂಗಳತೆ. ಶಿಷ್ಯನ ಯಂತ್ರ ಮಾಡುವುದೂ ಒಂದು ಬಗೆಯ ಕೂಗಳತೆಯೇ. ಅದು ಬೆಳಕಿನ ಒಂದು ಮಿಡಿತವನ್ನು ಎದುರಿನ ಬಂಡೆಯತ್ತ ಕಳಿಸಿ, ಅದು ಬಡಿದು ಹಿಂದಿರುಗುವ ಹೊತ್ತನ್ನು ಎಣಿಸುತ್ತದೆ. ಬಂಡೆ 1000 ಮೀಟರು ದೂರವಿದ್ದರೆ ಬೆಳಕು ಹೋಗಿಬರಲು ಬೇಕಾದ ಹೊತ್ತು, ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳು ಪಾಲಿಗೂ ಕಡಿಮೆ.

ಈಗ 1799ಕ್ಕೆ ಬರೋಣ. ಆ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತ್ತು. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ತುಕಡಿಯೊಡನೆ ಹತ್ತಿರದ ತೋಪೊಂದನ್ನು ಶೋಧಿಸಲು ಹೋಗಿ, ಅಲ್ಲಿ ಯಾರೂ ಇಲ್ಲದುದನ್ನು ಕಂಡು ಪಾಳೆಯಕ್ಕೆ ಹಿಂದಿರುಗುತ್ತಿದ್ದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಆಕಾಶದಲ್ಲಿ ಸಪ್ತರ್ಷಿ ಮಂಡಲವನ್ನು ನೋಡಿ, ನಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ ಎಂದ. ನಕ್ಷತ್ರಗಳನ್ನು ಕೇಳದೆಯೂ ತನಗೆ ದಾರಿ ಗೊತ್ತು ಎಂದು ಜನರಲ್ ಗದರಿಸಿದ. ಸ್ವಲ್ಪ ಹೊತ್ತಿನಲ್ಲೇ ಟಿಪ್ಪುವಿನ ಕಾವಲು ದಳ ಎದುರಾಯಿತು. ಅದನ್ನು ಚದುರಿಸಿದ ಮೇಲೆ ದೀಪ ಹಚ್ಚಿ ದಿಕ್ಸೂಚಿ ತೆಗೆದು ನೋಡಿದರೆ ಲ್ಯಾಂಬ್ಟನ್ನನ ನಕ್ಷತ್ರಗಳೇ ನಿಜ ಹೇಳಿದ್ದವು.

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಗೆದ್ದ ಸೀಮೆಯನ್ನು ಆಳಬೇಕಾದರೆ ಅದರ ಉದ್ದಗಲ ಗೊತ್ತಾಗಬೇಕಲ್ಲವೆ? ಇಬ್ಬರು ಆ ಕೆಲಸಕ್ಕೆ ಇಳಿದರು. ಒಬ್ಬ ಈ ಲ್ಯಾಂಬ್ಟನ್. ಇನ್ನೊಬ್ಬ ಮುತ್ತಿಗೆಯಲ್ಲಿ ಇಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ. ಲ್ಯಾಂಬ್ಟನ್ನನ ಗುರಿ ಭೂಮಿಯ ಆಕಾರವನ್ನೇ ತಿಳಿಯುವುದು. 1800ರಲ್ಲಿ ಅವನು ಬೆಂಗಳೂರಿನ ಬಳಿ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆಯಿದ್ದ ಒಂದು ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಅಲ್ಲಿ ಬೇಡವೆನಿಸಿಕೊಂಡು ಹಿಂದಿರುಗಿದ ಸರಪಳಿ ಅದು! ಒಂದು ಗೆರೆಯ ಉದ್ದ ಸರಿಯಾಗಿ ತಿಳಿದರೆ ಸಾಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದರೆ, ಆ ಬೆಟ್ಟ ಎಷ್ಟು ದೂರವೆಂಬುದು ನಡೆಯದೆಯೇ ಗೊತ್ತಾಗುತ್ತದೆ. ಒಂದು ತ್ರಿಕೋನದ ಬೆನ್ನಿಗೆ ಇನ್ನೊಂದನ್ನು ಕಟ್ಟುತ್ತ ಹೋಗಬಹುದು. ಬೆಂಗಳೂರಿನಿಂದ ಮಂಗಳೂರಿನ ಕಡಲತೀರದವರೆಗೆ ಅವನ ತ್ರಿಕೋನಗಳು ಮೈಸೂರು ಸೀಮೆಯನ್ನು ಹಾಯ್ದುಹೋದವು.

ಆ ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್ನು. ಲಂಡನ್ನಿನಿಂದ ಬರುವಾಗ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ದ್ವೀಪಕ್ಕೆ ಹೋಗಿ, ವಿಜ್ಞಾನದ ಸಾಮಗ್ರಿಯೆಂಬ ಮರ್ಯಾದೆಯಿಂದ ಮದರಾಸಿಗೆ ಮರಳಿ ಬಂದದ್ದು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಯಂತ್ರ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ಬಾಗಿದ ವೃತ್ತವನ್ನು ತನ್ನ ಕೈಯಾರೆ ತಿದ್ದಿದ. ಇದನ್ನೆಲ್ಲ ಚರಿತ್ರೆಕಾರರು ವಿವರವಾಗಿ ಬರೆದಿದ್ದಾರೆ. ಬೆಟ್ಟದಿಂದ ಬೆಟ್ಟಕ್ಕೆ ಅದನ್ನು ಹೊತ್ತವರ ಹೆಗಲಿನ ಕಥೆಯನ್ನು ಮಾತ್ರ ಹುಡುಕಿ ಹುಡುಕಿ ತೆಗೆಯಬೇಕು.

ಮೆಕೆಂಜಿಯ ದಾರಿ ಬೇರೆ. ಸೀಮೆಯ ಊರು, ಕೆರೆ, ಕಾಲುವೆ, ಗಡಿಗಳೆಲ್ಲ ಅವನಿಗೆ ಬೇಕು. 1799ರಿಂದ 1810ರವರೆಗೆ ಅವನೂ ಅವನ ಸಹಾಯಕರೂ ಸುಮಾರು 40 ಸಾವಿರ ಚದರ ಮೈಲಿಯನ್ನು ಅಳೆದರು. ಅಳೆಯುತ್ತ ಅಳೆಯುತ್ತ ಶಾಸನಗಳನ್ನು, ಕೈಫಿಯತ್ತುಗಳನ್ನು, ಓಲೆಗರಿಗಳನ್ನು ಕೂಡಿಹಾಕಿದರು. ಕನ್ನಡದ ವಿದ್ಯಾರ್ಥಿಗೆ ಅವನು ಹತ್ತಿರದವನಾಗುವುದು ಇಲ್ಲಿ. ಜೈನಕವಿ ದೇವಚಂದ್ರ 'ರಾಜಾವಳಿ ಕಥೆ'ಯನ್ನು ಬರೆಯಲು ಪ್ರೇರಣೆ ಸಿಕ್ಕಿದ್ದು ಮೆಕೆಂಜಿಯ ಭೇಟಿಯಿಂದ. ನಕ್ಷೆಯ ಕೆಲಸದ ಮಗ್ಗುಲಲ್ಲಿ ನಮ್ಮ ಸಾಹಿತ್ಯ ಚರಿತ್ರೆಯ ಒಂದು ಆಕರಗ್ರಂಥ ಹುಟ್ಟಿತು.

ಮೆಕೆಂಜಿಯ ಒಂದು ತೈಲಚಿತ್ರವಿದೆ. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದದ್ದು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮುದ್ರಿತ ಪ್ರತಿಗಳಲ್ಲಿ ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಡುವೆ ಕೆಂಪು ಕೋಟಿನ ಮೆಕೆಂಜಿ. ಸುತ್ತ ಮೂವರು ನಮ್ಮವರು: ಓಲೆಗರಿ ಹಿಡಿದ ಜೈನ ಪಂಡಿತ ಧರ್ಮಯ್ಯ, ಕಾವಲಿ ವೆಂಕಟ ಲಕ್ಷ್ಮಯ್ಯ, ಮತ್ತು ಕೃಷ್ಣಾಜಿ ಎಂಬ ಜವಾನ. ಹಿಂದೆ ದೂರದಲ್ಲಿ ಗೊಮ್ಮಟನ ವಿಗ್ರಹ. ಅದನ್ನು ಶ್ರವಣಬೆಳಗೊಳದ್ದೆಂದೇ ಹೆಚ್ಚಿನವರು ಗುರುತಿಸುತ್ತಾರೆ, ನಾಗಮಂಗಲದ ಕಡೆಯಿಂದಾಗಲಿ ಕೆ.ಆರ್. ಪೇಟೆಯ ಕಡೆಯಿಂದಾಗಲಿ ನಮಗೆ ಹತ್ತಿರದ ಊರು. ಧರ್ಮಯ್ಯನ ಬಗ್ಗೆ ನಾನು ತರಗತಿಯಲ್ಲಿ ಎಷ್ಟೋ ಮಾತಾಡಿದ್ದೇನೆ. ದುರ್ಬೀನು ಹಿಡಿದು ನಿಂತವನು ಕೃಷ್ಣಾಜಿ. ಅವನ ಬಗ್ಗೆ ಒಂದು ದಿನವೂ ಮಾತಾಡಿದವನಲ್ಲ. ನೋಡುವವನು ಒಬ್ಬ, ಹೊರುವವನು ಇನ್ನೊಬ್ಬ ಎಂಬುದು ಆ ಕಾಲಕ್ಕೆ ಎಷ್ಟು ಸಹಜವಾಗಿತ್ತೆಂದರೆ ಚಿತ್ರದಲ್ಲೂ ಅದು ನಮ್ಮ ಕಣ್ಣಿಗೆ ಚುಚ್ಚುವುದಿಲ್ಲ.

ಅನಂತರದ ಕಥೆ ಯಂತ್ರ ಕುಗ್ಗಿದ ಕಥೆ. ಇಟಲಿಯ ಪೋರ್ರೊ 1854ರಲ್ಲಿ ಪಟ್ಟಕಗಳಿಂದ ಬೆಳಕನ್ನು ಮಡಿಸಿ ಉದ್ದದ ಕೊಳವೆಯನ್ನು ಗಿಡ್ಡಮಾಡುವ ಉಪಾಯ ಕಂಡ. ಜರ್ಮನಿಯ ಝೈಸ್ ಸಂಸ್ಥೆ 1894ರಲ್ಲಿ ಆ ಬಗೆಯ ಜೋಡಿ ದುರ್ಬೀನನ್ನು ಮಾರಾಟಕ್ಕೆ ತಂದಿತು. 1960ರಲ್ಲಿ ಲೇಸರ್ ಬೆಳಕು ಬಂತು. ನಾಲ್ಕಾರು ಆಳು ಹೊರುತ್ತಿದ್ದದ್ದು ಒಬ್ಬನ ಎದೆಯ ಮೇಲೆ ಕೂರುವಂತಾಯಿತು. ಎದೆಪಟ್ಟಿಯ ಪ್ರಶ್ನೆ ಏಳುವುದೂ ಆಗಲೇ: ನೋಡುವವನೇ ಹೊರುವವನಾದಾಗ.

ಹಾಗೆಂದು ನಾನು ನಂಬಿದ್ದೆ. ಶಿಷ್ಯ ಎರಡು ಮಾದರಿಗಳನ್ನು ಯಾರಿಂದಲೋ ಎರವಲು ತಂದಿದ್ದ. ನಾವು ಮೂರು ದಿನ ಸುತ್ತಿದೆವು. ಮೊದಲ ದಿನ ತೊಣ್ಣೂರು ಕೆರೆ ಮತ್ತು ಕುಂತಿಬೆಟ್ಟದ ಬುಡ. ಒಂದು ಮಾದರಿ ಬರಿಯ ಪಟ್ಟಿಗಳದು: ಎರಡು ಹೆಗಲ ಮೇಲಿಂದ ಬಂದು ಬೆನ್ನ ಮೇಲೆ ಅಡ್ಡಹಾಯುತ್ತವೆ, ಎಳೆದರೆ ಹಿಗ್ಗುತ್ತವೆ. ಯಂತ್ರವನ್ನು ಕಣ್ಣಿಗೆ ಒಯ್ದಾಗ ಪಟ್ಟಿಯ ಬಿಗಿತವೇ ಕೈಯ ನಡುಕವನ್ನು ತುಸು ಹಿಡಿದು ನಿಲ್ಲಿಸುತ್ತದೆ. ದೂರ ಅಳೆಯುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ. ಗುಂಡಿ ಒತ್ತುವಾಗ ಕೈ ನಡುಗಿದರೆ ಅದು ಹಕ್ಕಿಯ ದೂರವನ್ನು ಬಿಟ್ಟು ಹಿಂದಿನ ಮರದ ದೂರವನ್ನು ಹೇಳಿಬಿಡುತ್ತದೆ. ಡೊಳ್ಳು ಬಾರಿಸುವವರು ಡೊಳ್ಳನ್ನು ಹೆಗಲಿಗೆ ತೂಗಿ, ಅಲುಗದಂತೆ ನಡುವಿಗೂ ಬಿಗಿದುಕೊಳ್ಳುವುದನ್ನು ನೀವು ನೋಡಿರಬಹುದು. ಜಾಣತನ ಅದೇ.

ಇನ್ನೊಂದು ಮಾದರಿ ಎದೆಯ ಮೇಲೊಂದು ಚೀಲ. ಧೂಳು, ಮಳೆಹನಿಗಳಿಂದ ಗಾಜಿಗೆ ಒಳ್ಳೆಯ ರಕ್ಷಣೆ. ಬಂಡೆಯ ಮೇಲೆ ಬಗ್ಗಿ ಹತ್ತುವಾಗ ಯಂತ್ರ ಮುಂದಕ್ಕೆ ಓಲಾಡಿ ಬಡಿಯುವುದಿಲ್ಲ. ಆದರೆ ನಮ್ಮ ಸೀಮೆಯ ಬಿಸಿಲಿನಲ್ಲಿ ಎದೆಯ ಮೇಲೆ ಗಾಳಿಯಾಡದ ಚೀಲವೆಂದರೆ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ದೂರ ಅಳೆಯುವ ಬೈನಾಕ್ಯುಲರ್ ಸಾಮಾನ್ಯದ್ದಕ್ಕಿಂತ ದಪ್ಪವಾದ್ದರಿಂದ ಎಲ್ಲ ಚೀಲಕ್ಕೂ ಹಿಡಿಸುವುದಿಲ್ಲ. ಚೀಲ ಬಿಗಿಯಾದರೆ ಒಳಗೇ ಗುಂಡಿ ಒತ್ತಿಕೊಂಡು ಬ್ಯಾಟರಿ ಖಾಲಿ. ಮುಚ್ಚಳ ಪರಪರನೆ ಸದ್ದು ಮಾಡಿದರೆ ಹಕ್ಕಿ ಹಾರಿಹೋಯಿತೆಂದೇ ಲೆಕ್ಕ. ಸದ್ದಿಲ್ಲದೆ ಮುಚ್ಚಿಕೊಳ್ಳಲೆಂದು ಕೆಲವು ಚೀಲಗಳಿಗೆ ಅಯಸ್ಕಾಂತ ಇಟ್ಟಿರುತ್ತಾರೆ. ನಾವು ತಂದದ್ದರಲ್ಲೂ ಅದೇ ಇತ್ತು. ದಿಕ್ಕು ಬರೆದುಕೊಳ್ಳಲು ಶಿಷ್ಯ ಎದೆಯ ಹತ್ತಿರ ದಿಕ್ಸೂಚಿ ಹಿಡಿದರೆ ಮುಳ್ಳು ಚೀಲದ ಕಡೆಗೇ ತಿರುಗಿತು. ಬೇರ್ಡ್ ಸಾಹೇಬನ ಎದೆಯ ಮೇಲೆ ಇಂಥ ಚೀಲವಿದ್ದಿದ್ದರೆ ಲ್ಯಾಂಬ್ಟನ್ನನ ನಕ್ಷತ್ರಗಳು ಸೋಲುತ್ತಿದ್ದವೋ ಏನೋ ಎಂದು ನಾನು ನಕ್ಕೆ.

ಎರಡನೆಯ ದಿನ ಆದಿಚುಂಚನಗಿರಿಯ ಕಡೆ ನವಿಲುಗಳ ನಡುವೆ ಕಳೆಯಿತು. ಅಷ್ಟು ಹೊತ್ತಿಗೆ ನನ್ನ ತೀರ್ಪು ಸಿದ್ಧವಾಗಿತ್ತು: ಪಟ್ಟಿಗಳದೇ ಸರಿ. ಪಟ್ಟಿಗಳನ್ನು ನನ್ನ ಅಳತೆಗೆ ಹೊಂದಿಸಿ ನೋಡಿ, ನನ್ನ ಹೆಗಲಿಗೆ ಒಪ್ಪಿದೆ ಎಂದೂ ಹೇಳಿಯಾಗಿತ್ತು.

ಮೂರನೆಯ ದಿನ ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗದ ಬುಡದಲ್ಲಿದ್ದೆವು. ಮೇಲುಕೋಟೆಯ ಕಾಡಿನ ಜೊತೆಗೆ ಈ ಗುಡ್ಡವೂ ಸೇರಿ 1974ರಲ್ಲಿ ತೋಳಗಳ ಸಲುವಾಗಿ ಅಭಯಾರಣ್ಯವಾದ ಪ್ರದೇಶ. ನಮ್ಮ ಜೊತೆ ಮೂರು ದಿನವೂ ಒಬ್ಬ ತರುಣನಿದ್ದ. ಕುರಿ ಕಾಯುವ ಮನೆಯವನು, ಗುಡ್ಡದ ದಾರಿಗಳನ್ನು ಬಲ್ಲವನು, ದಿನಗೂಲಿಗೆ ಬಂದವನು. ಊಟದ ಹೊತ್ತಿಗೆ ಬಂಡೆಯ ನೆರಳಿನಲ್ಲಿ ಕೂತಾಗ ಅವನು ಕುತ್ತಿಗೆ ನೀವಿಕೊಳ್ಳುತ್ತಿದ್ದ. "ಏನಪ್ಪಾ?" ಎಂದು ಕೇಳಿದೆ. "ಕತ್ತು ಹಿಡ್ಕಂಡದೆ ಸಾ" ಎಂದ.

ನಾನು ಲೆಕ್ಕ ಹಾಕಿದೆ. ಎರವಲು ತಂದ ಎದೆಪಟ್ಟಿಗಳನ್ನು ನಾನೂ ಶಿಷ್ಯನೂ ಸರದಿಯಲ್ಲಿ ಒಂದೊಂದು ಗಂಟೆ ಹಾಕಿ ನೋಡಿದ್ದೆವು. ಮಿಕ್ಕ ಹೊತ್ತೆಲ್ಲ, ಮೂರು ದಿನವೂ, ಯಂತ್ರ ತನ್ನ ಹಳೆಯ ಕೊರಳಪಟ್ಟಿಯಲ್ಲಿ ಈ ಹುಡುಗನ ಕತ್ತಿನಲ್ಲಿ ತೂಗುತ್ತಿತ್ತು. ಹಕ್ಕಿ ಕಂಡಾಗ ಕೈಚಾಚಿ ಇಸಿದುಕೊಳ್ಳುತ್ತಿದ್ದೆವು. ನೋಡಿಯಾದ ಮೇಲೆ ಹಿಂದಕ್ಕೆ ಕೊಡುತ್ತಿದ್ದೆವು. ಅವನು ಅದರೊಳಗೆ ಒಮ್ಮೆಯೂ ನೋಡಿರಲಿಲ್ಲ. ನೋಡಬಹುದು ಎಂದು ನಾವು ಹೇಳಿರಲಿಲ್ಲ. ಕೃಷ್ಣಾಜಿಯ ಮಾತನ್ನು ಹಿಂದಿನ ಸಂಜೆ ತಾನೆ ಶಿಷ್ಯನಿಗೆ ದೊಡ್ಡದಾಗಿ ವಿವರಿಸಿದ್ದವನು ನಾನೇ.

ಊಟವಾದ ಮೇಲೆ ಪಟ್ಟಿಗಳನ್ನು ಬಿಚ್ಚಿ ಅವನಿಗೆ ತೊಡಿಸಿದೆ. ನನ್ನ ಅಳತೆ ಅವನಿಗೆ ಸಾಲಲಿಲ್ಲ; ಅಗಲವಾದ ಹೆಗಲು. ಬೆನ್ನ ಮೇಲಿನ ಕೂಡುಪಟ್ಟಿಯನ್ನು ಮೂರು ಬೆರಳು ಕೆಳಕ್ಕಿಳಿಸಿ, ಯಂತ್ರ ಹೊಟ್ಟೆಗೆ ಬಡಿಯದಂತೆ ಎದೆಗೂಡಿನ ಮೇಲೆ ನಿಲ್ಲಿಸಿ, ಕೊಂಡಿ ಹಾಕುವ ಹೊತ್ತಿಗೆ ನನ್ನ ಬೆವರಿಳಿಯಿತು. ಶಿಷ್ಯ ಅವನಿಗೆ ಗುಂಡಿ ತೋರಿಸಿದ. ಎದುರಿನ ದಿಣ್ಣೆಯ ಮೇಲೆ ಒಂದು ಒಂಟಿ ಕಗ್ಗಲಿಮರ ಇತ್ತು. ಹುಡುಗ ಮೊದಲು ಬರಿಗಣ್ಣಿನಿಂದ ಅದನ್ನು ನೋಡಿದ, ಆಮೇಲೆ ಯಂತ್ರವನ್ನು ಕಣ್ಣಿಗೆ ಏರಿಸಿದ, ಬಹಳ ಹೊತ್ತು ಹಾಗೆಯೇ ನಿಂತ.

"317 ಸಾ," ಎಂದ ಕೊನೆಗೆ. "ನಾನು ಮುನ್ನೂರು ಅಂದ್ಕಂಡಿದ್ದೆ."