ಪಾಚಿಯ ಲೋಳೆ ಮತ್ತು ಸೋಸುವ ಪೊರೆ: ಓಮಾನ್ ಕೊಲ್ಲಿಯ 2008–09ರ ಪ್ರಕರಣದ ಹಿನ್ನೆಲೆಯಲ್ಲಿ

2008ರ ಆಗಸ್ಟ್ ಹೊತ್ತಿಗೆ ಯುಎಇಯ ಪೂರ್ವ ಕರಾವಳಿಯಲ್ಲಿ ಸಮುದ್ರದ ನೀರು ಕೆಂಗಂದು ಬಣ್ಣಕ್ಕೆ ತಿರುಗಿತು. ಕಾಕ್ಲೋಡಿನಿಯಂ ಪಾಲಿಕ್ರಿಕಾಯ್ಡಿಸ್ ಎಂಬ ಏಕಕೋಶದ ಸೂಕ್ಷ್ಮಪಾಚಿ ಮಿತಿಮೀರಿ ಬೆಳೆದದ್ದು ಇದಕ್ಕೆ ಕಾರಣ. ಎಂಟು ತಿಂಗಳಿಗೂ ಹೆಚ್ಚು ಕಾಲ ನಿಂತ ಈ ಕೆಂಪು ನೀರು ಹೊರ್ಮುಜ್ ಜಲಸಂಧಿಯನ್ನು ದಾಟಿ ಪರ್ಷಿಯನ್ ಕೊಲ್ಲಿಯೊಳಕ್ಕೂ ಹಬ್ಬಿತು. ಮೀನುಗಳು ರಾಶಿರಾಶಿಯಾಗಿ ಸತ್ತವು, ಹವಳದ ದಿಬ್ಬಗಳು ಹಾಳಾದವು. ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಹಲವು ಘಟಕಗಳೂ ಕೆಲಸ ನಿಲ್ಲಿಸಬೇಕಾಯಿತು. ಕೆಲವು ವಾರಗಟ್ಟಲೆ ಮುಚ್ಚಿದ್ದವು. ಕುಡಿಯುವ ನೀರಿಗೆ ಸಮುದ್ರವನ್ನೇ ನಂಬಿದ ನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಈ ಪಾಚಿಯ ಒಂದು ಕೋಶದ ಉದ್ದ ಸುಮಾರು 30–40 ಮೈಕ್ರೋಮೀಟರ್. ಉಪ್ಪು ತೆಗೆಯುವ ಮುನ್ನ ನೀರನ್ನು ಸೋಸುವ ಅಲ್ಟ್ರಾಫಿಲ್ಟ್ರೇಷನ್ ಪೊರೆಯ ರಂಧ್ರವೋ ಸುಮಾರು 0.02 ಮೈಕ್ರೋಮೀಟರ್, ಅಂದರೆ ಸಾವಿರ ಪಟ್ಟಿಗಿಂತಲೂ ಕಿರಿದು. ಕೋಶಗಳು ಮಾತ್ರ ಬಂದು ಕೂತರೆ ನೀರು ಸುಳಿದು ಹೋಗಲು ಅವುಗಳ ನಡುವೆ ಸಾಕಷ್ಟು ಸಂದು ಉಳಿಯುತ್ತದೆ, ಬ್ಯಾಕ್‌ವಾಶ್ ಮಾಡಿದರೆ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿದರೆ, ಪದರ ಎದ್ದೂ ಬರುತ್ತದೆ. ತೊಂದರೆ ಕೊಡುವುದು ಕೋಶ ಸ್ರವಿಸುವ ಲೋಳೆ. ಬಹುಪಾಲು ಪಾಲಿಸ್ಯಾಕರೈಡುಗಳಿಂದಾದ, ಬಣ್ಣವಿಲ್ಲದ ಈ ಅಂಟುಕಣಗಳನ್ನು ಆಲ್‌ಡ್ರೆಜ್, ಪಾಸೊ ಮತ್ತು ಲೋಗನ್ 1993ರಲ್ಲಿ ಆಲ್ಶಿಯನ್ ಬ್ಲೂ ಬಣ್ಣ ಹಾಕಿ ಗುರುತಿಸಿದರು. ಅಲ್ಲಿಯವರೆಗೆ ಸೂಕ್ಷ್ಮದರ್ಶಕದಡಿಯಲ್ಲೂ ಅವು ಕಣ್ಣು ತಪ್ಪಿಸಿಕೊಂಡಿದ್ದವು. ಲೋಳೆ ಕೋಶಗಳ ನಡುವಿನ ಸಂದುಗಳನ್ನು ತುಂಬುತ್ತದೆ, ಪೊರೆಗೂ ಅಂಟಿಕೊಳ್ಳುತ್ತದೆ. ಸಮುದ್ರದ ನೀರಿನ ಕ್ಯಾಲ್ಸಿಯಂ ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಒತ್ತಡ ಹೆಚ್ಚಿಸಿ ನೀರು ಹರಿಸಲು ಹೋದರೆ ಪದರ ಇನ್ನಷ್ಟು ಒತ್ತಿಕೊಂಡು ಬಿಗಿಯಾಗುತ್ತದೆ.

ಇಲ್ಲಿ ಅಳತೆಯ ಮಾತು ಬರುತ್ತದೆ. ಅದು ಮುಖ್ಯವೆಂದು ನನಗನ್ನಿಸುವುದರಿಂದ ತುಸು ವಿವರಿಸುತ್ತೇನೆ. ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆಗೆ, ಅಂದರೆ ಉಪ್ಪು ಬೇರ್ಪಡಿಸುವ ಪೊರೆಗೆ, ಹೋಗುವ ನೀರಿನ ಗುಣವನ್ನು ಸಾಮಾನ್ಯವಾಗಿ ಎಸ್‌ಡಿಐ (ಸಿಲ್ಟ್ ಡೆನ್ಸಿಟಿ ಇಂಡೆಕ್ಸ್) ಎಂಬ ಸೂಚ್ಯಂಕದಿಂದ ಅಳೆಯುತ್ತಾರೆ. 0.45 ಮೈಕ್ರೋಮೀಟರ್ ರಂಧ್ರದ ಸೋಸುಹಾಳೆಯ ಮೂಲಕ ಒಂದೇ ಒತ್ತಡದಲ್ಲಿ ನೀರು ಬಿಟ್ಟು, ಮೊದಲ ಅರ್ಧ ಲೀಟರಿಗೆ ಎಷ್ಟು ಹೊತ್ತು, 15 ನಿಮಿಷದ ನಂತರ ಅಷ್ಟೇ ನೀರಿಗೆ ಎಷ್ಟು ಹೊತ್ತು ಎಂದು ನೋಡಿ, ಹರಿವು ಶೇಕಡ ಎಷ್ಟು ಕುಗ್ಗಿತೋ ಅದನ್ನು 15ರಿಂದ ಭಾಗಿಸುವುದು ವಿಧಾನ. ಉತ್ತರ 5ರೊಳಗಿರಬೇಕು, 3ರೊಳಗಿದ್ದರೆ ಒಳ್ಳೆಯದು. ಹಾಳೆ ಪೂರ್ತಿ ಕಟ್ಟಿಕೊಂಡರೆ ಉತ್ತರ 100 ಭಾಗಿಸು 15, ಅಂದರೆ 6.67. ನೀರು ಎಷ್ಟೇ ಕೆಡಲಿ, ಸೂಚ್ಯಂಕ ಅದಕ್ಕಿಂತ ಮೇಲೇರದು. ಪಾಚಿಯ ಕಾಲದಲ್ಲಿ ಕೆಟ್ಟ ನೀರಿಗೂ ಅತಿ ಕೆಟ್ಟ ನೀರಿಗೂ ಇಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಅವಧಿಯನ್ನು 5 ನಿಮಿಷಕ್ಕಿಳಿಸಿದರೆ ಮಿತಿ 20ಕ್ಕೇರುತ್ತದೆ ನಿಜ, ಆದರೆ ಆ ಅಂಕಿಯನ್ನು 15 ನಿಮಿಷದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. 0.45ಕ್ಕಿಂತ ಸಣ್ಣ ಲೋಳೆಕಣಗಳಂತೂ ಹಾಳೆಯಿಂದ ಜಾರಿ ಲೆಕ್ಕಕ್ಕೇ ಸಿಗದೆ ಹೋಗಬಹುದು. 1980ರಲ್ಲಿ ಶಿಪ್ಪರ್ಸ್ ಮತ್ತು ಫರ್ಡೌ ರೂಪಿಸಿದ ಎಂಎಫ್ಐ (ಮಾಡಿಫೈಡ್ ಫೌಲಿಂಗ್ ಇಂಡೆಕ್ಸ್) ಸೂಚ್ಯಂಕ, ಅದರಲ್ಲೂ ಮುಂದೆ ಅಲ್ಟ್ರಾಫಿಲ್ಟ್ರೇಷನ್ ಪೊರೆ ಬಳಸಿ ಬೆಳೆದ ರೂಪ, ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆ. ಅದು ಹೆಚ್ಚು ಕೆಲಸ ಬೇಡುತ್ತದೆ. ಘಟಕಗಳಲ್ಲಿ ಎಸ್‌ಡಿಐ ಇನ್ನೂ ಗಟ್ಟಿಯಾಗಿ ನೆಲೆಯೂರಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಪಾಚಿ ಕಂಡೊಡನೆ ಕ್ಲೋರಿನ್ ಸುರಿಯುವುದು ಸಹಜವಾಗಿ ತೋಚುವ ಉಪಾಯ. ಕಾಕ್ಲೋಡಿನಿಯಂಗೆ ಗಟ್ಟಿ ಕವಚವಿಲ್ಲ. ಪಂಪಿನ ಸೆಳೆತಕ್ಕೇ ಒಡೆಯುವ ಕೋಶ ಕ್ಲೋರಿನ್ನಿಗೆ ಇನ್ನೂ ಬೇಗ ಒಡೆಯುತ್ತದೆ. ಒಳಗಿದ್ದ ಸಾವಯವ ವಸ್ತುವೆಲ್ಲ ನೀರಿಗಿಳಿಯುತ್ತದೆ. ದೊಡ್ಡ ಅಣುಗಳು ಚೂರಾಗಿ ಬ್ಯಾಕ್ಟೀರಿಯಾಕ್ಕೆ ಸುಲಭದ ಆಹಾರವಾಗುತ್ತವೆ. ಕ್ಲೋರಿನ್ ಆರ್‌ಒ ಪೊರೆಯನ್ನು ಕೆಡಿಸುವುದರಿಂದ ಅದನ್ನು ಮೊದಲೇ ತೆಗೆದುಹಾಕಲೇಬೇಕು. ಅಲ್ಲಿಂದಾಚೆ ಬ್ಯಾಕ್ಟೀರಿಯಾಕ್ಕೆ ಊಟವೂ ಉಂಟು, ಕಾವಲೂ ಇಲ್ಲ. ಪೊರೆಯ ಮೇಲೆ ಜೈವಿಕ ಪದರ ಬೆಳೆಯುವುದು ಆಗಲೇ.

ಕೋಶವನ್ನು ಒಡೆಯದೆ ಹೊರತೆಗೆಯುವುದೇ ಸರಿಯಾದ ದಾರಿ. ಪಾಚಿ ಹಗುರ, ಕೆಳಗೆ ಕೂರಿಸುವುದಕ್ಕಿಂತ ತೇಲಿಸಿ ಕೆನೆಯಂತೆ ತೆಗೆಯುವುದು ಸುಲಭ. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತೊಟ್ಟಿಗೆ ಬಿಟ್ಟಾಗ ಏಳುವ ಸಣ್ಣ ಗುಳ್ಳೆಗಳು ಕೋಶಗಳನ್ನು ಹೊತ್ತು ಮೇಲೆ ಬರುತ್ತವೆ. 2008ರ ಅನುಭವದ ನಂತರ ಕೊಲ್ಲಿ ಪ್ರದೇಶದ ಹೊಸ ಘಟಕಗಳಲ್ಲಿ ಈ ತೊಟ್ಟಿಗಳಿಗೆ ಬೇಡಿಕೆ ಹೆಚ್ಚಿತು. ಕರಗಿದ ಲೋಳೆಯನ್ನು ಗುಳ್ಳೆ ಮಾತ್ರ ಹಿಡಿಯಲಾರದು. ಅದಕ್ಕೆ ಫೆರಿಕ್ ಕ್ಲೋರೈಡ್ ಬೇಕು. ಕಬ್ಬಿಣದ ಹೈಡ್ರಾಕ್ಸೈಡಿನ ಗಂಟುಗಳಲ್ಲಿ ಸಿಕ್ಕಿಕೊಂಡ ಲೋಳೆ ಪೊರೆಯ ಮೇಲೆ ಬಿದ್ದರೂ ಸಡಿಲ ಪದರವಾಗಿ ಕೂರುತ್ತದೆ, ತೊಳೆದರೆ ಹೋಗುತ್ತದೆ. ಉಳಿಯುವ ಕೆಂಪು ಕೆಸರನ್ನು ಹಾಗೆಯೇ ಸಮುದ್ರಕ್ಕೆ ಬಿಡುವಂತಿಲ್ಲ. ಅದರ ವಿಲೇವಾರಿಯ ಖರ್ಚು ಬೇರೆ.

ಇವೆಲ್ಲಕ್ಕಿಂತ ಸರಳವಾದದ್ದು ಹರಿವಿನ ದರ ಇಳಿಸುವುದು. ಚದರ ಮೀಟರ್ ಪೊರೆಯಿಂದ ಗಂಟೆಗೆ 80 ಲೀಟರಿನ ಬದಲು 50 ಲೀಟರ್ ತೆಗೆದರೆ ಲೋಳೆ ಮೆಲ್ಲಗೆ ಕೂಡುತ್ತದೆ, ಬಿಗಿತವೂ ಕಡಿಮೆ. ಆದರೆ ಅಷ್ಟೇ ನೀರು ಬೇಕಾದರೆ ಪೊರೆಯ ವಿಸ್ತೀರ್ಣ ಶೇ. 60ರಷ್ಟು ಹೆಚ್ಚಿರಬೇಕು. ಇದನ್ನು ಕೆಂಪು ನೀರು ಬಂದ ಮೇಲೆ ಸೇರಿಸಲಾಗದು, ಘಟಕದ ನಕ್ಷೆ ಬರೆಯುವಾಗಲೇ ನಿರ್ಧಾರವಾಗಬೇಕು. ವರ್ಷದ ಬಹುಪಾಲು ಸುಮ್ಮನಿರುವ ಪೊರೆಗೆ ಯಾರು ಹಣ ಕೊಡುತ್ತಾರೆ ಎಂಬಲ್ಲಿಗೆ ಚರ್ಚೆ ಬಂದು ನಿಲ್ಲುತ್ತದೆ.