ಕಿತ್ತ ಮೇಲೆ ಘಮ ಕಟ್ಟುವ ಮೊಗ್ಗು



ಅಕ್ಕನ ನಿಶ್ಚಿತಾರ್ಥಕ್ಕೆ ಹೂವಿನ ಜವಾಬ್ದಾರಿ ನನ್ನದಾಗಿತ್ತು. ಬಿಕಾಂ ತಲೆ ನೋಡಿ, ಲೆಕ್ಕ ಹಾಕಿದೆ: ಹಿಂದಿನ ದಿನವೇ ತಂದರೆ ರೇಟು ಕಮ್ಮಿ. ದುಂಡುಮಲ್ಲಿಗೆ ಮೊಗ್ಗಿನ ಹತ್ತು ಮಾರು ತಂದು ಫ್ರಿಜ್ಜಿಗೆ ತುರುಕಿದೆ. ಮರುದಿನ ಮೊಗ್ಗು ಬೆಳ್ಳಗೇ ಇತ್ತು, ಆದರೆ ಸರಿಯಾಗಿ ಅರಳಲೂ ಇಲ್ಲ, ಘಮವೂ ಇಲ್ಲ. ಕಸಿನ್ ಒಬ್ಬ ಮೇಲಿಂದ ಸೆಂಟು ಹೊಡೆದ. ಅಜ್ಜಿ ಮುಡಿದ ದಂಡೆಯನ್ನ ತೆಗೆದು ಪಕ್ಕಕ್ಕಿಟ್ಟರು. "ಹೂವು ತಾನೇ ಅರಳಬೇಕು ಕಣೋ" ಅಂದರು, ಅಷ್ಟೇ.

ಆ ಮಾತು ಹಿಡಿದು ಹುಡುಕ್ತಾ ಹೋದೆ. ಮಲ್ಲಿಗೆ ಮೊಗ್ಗು ಕೀಳುವಾಗ ಅದರಲ್ಲಿ ಘಮ ಇರೋದೇ ಕಮ್ಮಿ. ಕಿತ್ತ ಮೇಲೆ, ಸಂಜೆಗತ್ತಲಲ್ಲಿ ಅರಳ್ತಾ ಅರಳ್ತಾ ಅದು ಘಮವನ್ನ ತಯಾರಿಸುತ್ತೆ. ಚಳಿಗೆ ಆ ಕೆಲಸವೇ ಕೆಡುತ್ತೆ.

ಇದನ್ನ ಹಳಬರು ಚೆನ್ನಾಗಿ ಬಳಸಿಕೊಂಡಿದ್ದರು. ನಮ್ಮ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಸ್ನಾನದ ಭಾಗವಿದೆ. ಅಲ್ಲಿ ಜಾಜಿ, ಸಂಪಿಗೆ, ಕೇದಗೆಯಂಥ ಹೂಗಳಿಂದ ಎಳ್ಳಿಗೆ ವಾಸನೆ ಹಿಡಿಸಿ, ಆಮೇಲೆ ಎಣ್ಣೆ ತೆಗೆಯೋ ಮಾತು ಬರುತ್ತೆ. ಎಳ್ಳಿನ ಜಿಡ್ಡು ಹೂವಿನ ಘಮವನ್ನ ಹೀರಿಕೊಳ್ಳುತ್ತೆ.

ಚೀನಾದ ಫುಝೌನಲ್ಲಿ ಮಲ್ಲಿಗೆ ಟೀ ಮಾಡೋರು ಮಧ್ಯಾಹ್ನ ಮೊಗ್ಗು ಕಿತ್ತು, ರಾತ್ರಿ ಅರಳುವಾಗ ಟೀ ಎಲೆ ಜೊತೆ ಬೆರೆಸಿಡ್ತಾರೆ. ಬೆಳಿಗ್ಗೆ ಹೂ ತೆಗೆದು, ಮತ್ತೆ ಹೊಸ ಹೂ.

ಫ್ರಾನ್ಸಿನ ಗ್ರಾಸ್ ಊರಲ್ಲಿ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಜಾಜಿ ಹರಡ್ತಿದ್ದರು. ದಿನಕ್ಕೊಮ್ಮೆ ಹೂ ಬದಲಿಸೋದು. 1900ರ ಆಸುಪಾಸಲ್ಲಿ ಆಲ್ಬರ್ಟ್ ಹೆಸ್ಸೆ ಅನ್ನೋ ರಸಾಯನಶಾಸ್ತ್ರಜ್ಞ ಹೋಲಿಸಿ ನೋಡಿದ. ಕಿತ್ತ ಕೂಡಲೇ ಘಮ ಹಿಂಡಿ ತೆಗೆಯೋದಕ್ಕಿಂತ, ಕೊಬ್ಬಿನ ಮೇಲೆ ಬಿಟ್ಟರೆ ಹಲವು ಪಟ್ಟು ಹೆಚ್ಚು ಸುಗಂಧ ಸಿಕ್ಕಿತು. ಕಿತ್ತ ಹೂ ಒಂದು ದಿನ ಪೂರ್ತಿ ದುಡಿದಿತ್ತು!

ಮೂರು ಊರು, ಪಾಠ ಒಂದೇ. ಹೂವಿಗೆ ಹೊರಗಿಂದ ಘಮ ಸೇರಿಸಬೇಡಿ, ಅರಳೋಕೆ ಟೈಮ್ ಕೊಡಿ.

ಅಕ್ಕನ ಆರತಕ್ಷತೆಗೆ ಅದೇ ದಿನ ಮಧ್ಯಾಹ್ನ ಮೊಗ್ಗು ತಂದೆ. ರೇಟು ಜಾಸ್ತಿಯೇ ಆಯ್ತು. ಒದ್ದೆ ಬಟ್ಟೆ, ಬಾಳೆ ಎಲೆಯಲ್ಲಿ ಸುತ್ತಿ ನೆರಳಲ್ಲಿಟ್ಟೆ. ಸಂಜೆ ಏಳರ ಹೊತ್ತಿಗೆ ಛತ್ರದ ಬಾಗಿಲಲ್ಲೇ ಘಮ ಸಿಗ್ತಿತ್ತು. ಅಜ್ಜಿ ನನಗೇನೂ ಹೇಳಲಿಲ್ಲ. ಆದರೆ ಆ ರಾತ್ರಿ ಹೂ ಮುಡಿದುಕೊಂಡೇ ಮಲಗಿದರು.

ಮುಂದಿನ ವಾರ ಸಿಗೋಣ.