ಹಲ್ಕ್ ಒಳಗೆ ಎಷ್ಟು ಜನ ಇದ್ದಾರೆ?

1/10
ಹಲ್ಕ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಹಸಿರು ಮೈ, ಹರಿದ ಪ್ಯಾಂಟು, ಪುಡಿಪುಡಿಯಾದ ಕಾರುಗಳು. ಸಿನಿಮಾದ ಲೆಕ್ಕದಲ್ಲಿ ಕಥೆ ಸಿಂಪಲ್. ಬ್ರೂಸ್ ಬ್ಯಾನರ್ ಅನ್ನೋ ವಿಜ್ಞಾನಿಗೆ ಗಾಮಾ ಕಿರಣ ತಗುಲುತ್ತೆ, ಆಮೇಲೆ ಸಿಟ್ಟು ಬಂದಾಗಲೆಲ್ಲ ಅವನು ರಾಕ್ಷಸ ಆಗ್ತಾನೆ.

ಕಾಮಿಕ್ ಪುಸ್ತಕಗಳಲ್ಲಿ ವಿಷಯ ಇಷ್ಟಕ್ಕೇ ಮುಗಿಯಲ್ಲ. ಅಲ್ಲಿ ಬ್ಯಾನರ್ ಒಳಗೆ ಇರೋದು ಒಬ್ಬ ಹಲ್ಕ್ ಅಲ್ಲ, ಹಲವರು. ಒಬ್ಬ ಮಗುವಿನಂತೆ ಮಾತಾಡ್ತಾನೆ, ಒಬ್ಬ ಸೂಟು ಹಾಕಿಕೊಂಡು ಕ್ಯಾಸಿನೋದಲ್ಲಿ ಕೆಲಸ ಮಾಡ್ತಾನೆ, ಇನ್ನೊಬ್ಬನ ಹೆಸರೇ ಡೆವಿಲ್. ಇವರೆಲ್ಲರ ಬೇರು ಬಾಂಬ್‌ನಲ್ಲಿಲ್ಲ. ಹೊಡೆಯುವ ಅಪ್ಪನಿದ್ದ ಒಂದು ಮನೆಯಲ್ಲಿದೆ.

ಈ ಒಂದು ಮಾತನ್ನು ಹೇಳೋಕೆ ಕಾಮಿಕ್‌ಗೆ 23 ವರ್ಷ ಬೇಕಾಯ್ತು. ಯಾಕೆ ಅಷ್ಟು ತಡ? ಉತ್ತರ ಹುಡುಕಿದ್ರೆ ಅಮೆರಿಕದ ಸಮಾಜದ ಇತಿಹಾಸವೇ ತೆರೆದುಕೊಳ್ಳುತ್ತೆ. ಒಂದೊಂದಾಗಿ ನೋಡೋಣ ಬನ್ನಿ.

2/10
ವರ್ಷ 1962. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಬಾಂಬ್ ಇಟ್ಟುಕೊಂಡು ಒಬ್ಬರನ್ನೊಬ್ಬರು ಗುರಾಯಿಸ್ತಿದ್ದ ಕಾಲ. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಬಂದಿದ್ದೂ ಇದೇ ವರ್ಷದ ಅಕ್ಟೋಬರ್‌ನಲ್ಲಿ. ಜನರ ದೊಡ್ಡ ಭಯ ಯಾವುದು ಅಂದ್ರೆ ಬಾಂಬ್, ವಿಕಿರಣ.

ಆ ಭಯದಿಂದಲೇ ಹಲ್ಕ್ ಹುಟ್ಟಿದ. ಬರೆದವರು ಸ್ಟ್ಯಾನ್ ಲೀ, ಚಿತ್ರ ಜಾಕ್ ಕರ್ಬಿ ಅವರದು. ಮೊದಲ ಸಂಚಿಕೆಯ ಮೇಲಿದ್ದ ತಿಂಗಳು ಮೇ 1962. ಫ್ರಾಂಕೆನ್‌ಸ್ಟೈನ್ ಮತ್ತು ಜೆಕಿಲ್-ಹೈಡ್ ಕಥೆಗಳ ನೆರಳು ಅದರಲ್ಲಿ ಎದ್ದು ಕಾಣುತ್ತೆ.

ಗಾಮಾ ಬಾಂಬ್ ಪರೀಕ್ಷೆ ನಡೀಬೇಕು. ಅಷ್ಟರಲ್ಲಿ ರಿಕ್ ಜೋನ್ಸ್ ಅನ್ನೋ ಅನಾಥ ಹುಡುಗ ಪಂಥ ಕಟ್ಟಿ ಕಾರು ಓಡಿಸಿಕೊಂಡು ಆ ಮೈದಾನಕ್ಕೆ ನುಗ್ಗಿರ್ತಾನೆ. ಬ್ಯಾನರ್ ಓಡಿಹೋಗಿ ಹುಡುಗನನ್ನು ಕಂದಕಕ್ಕೆ ತಳ್ಳಿ ಉಳಿಸ್ತಾನೆ, ತಾನು ಸ್ಫೋಟಕ್ಕೆ ಸಿಕ್ಕಿಕೊಳ್ತಾನೆ. ಗಮನಿಸಿ: ಹಲ್ಕ್ ಹುಟ್ಟಿದ್ದೇ ಅಪಾಯದಲ್ಲಿದ್ದ ಒಬ್ಬ ಹುಡುಗನನ್ನು ಕಾಪಾಡೋಕೆ ಹೋಗಿ. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

3/10
ಮೊದಲ ಸಂಚಿಕೆಯ ಹಲ್ಕ್ ಹಸಿರಲ್ಲ, ಬೂದು ಬಣ್ಣ! ಆಗಿನ ಮುದ್ರಣದಲ್ಲಿ ಬೂದು ಸರಿಯಾಗಿ ಕೂರಲಿಲ್ಲ, ಪುಟದಿಂದ ಪುಟಕ್ಕೆ ಬೇರೆಬೇರೆಯಾಗಿ ಬಂತು. ಅದಕ್ಕೇ ಎರಡನೇ ಸಂಚಿಕೆಯಿಂದ ಹಸಿರು ಮಾಡಿದ್ರು. ಸಿಟ್ಟಿಗೂ ಆಗ ಏನೂ ಸಂಬಂಧ ಇರಲಿಲ್ಲ. ಸೂರ್ಯ ಮುಳುಗಿದ್ರೆ ಬ್ಯಾನರ್ ಹಲ್ಕ್ ಆಗ್ತಿದ್ದ, ಬೆಳಗಾದ್ರೆ ವಾಪಸ್.

ಹೆಸರಲ್ಲೂ ಗೊಂದಲ. ಸ್ಟ್ಯಾನ್ ಲೀ ಒಮ್ಮೆ ಮರೆತು ಬ್ರೂಸ್ ಬದಲು ಬಾಬ್ ಬ್ಯಾನರ್ ಅಂತ ಬರೆದುಬಿಟ್ರು. ಓದುಗರು ಹಿಡಿದರು. ಕೊನೆಗೆ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಅಂತ ತೀರ್ಮಾನ ಆಯ್ತು. ಪುಸ್ತಕ ಆರೇ ಸಂಚಿಕೆಗೆ ನಿಂತಿತು. ಆಮೇಲೆ ಬೇರೆ ಪತ್ರಿಕೆಯಲ್ಲಿ ಜಾಗ ಸಿಕ್ಕಿ, 1968ರಲ್ಲಿ ಹಲ್ಕ್ ಹೆಸರಿನ ಪುಸ್ತಕ ಮತ್ತೆ ಬಂತು.

ಒಟ್ಟಿನಲ್ಲಿ ಬಣ್ಣ, ಬುದ್ಧಿ, ಮಾತಿನ ಧಾಟಿ, ಬದಲಾಗುವ ಕಾರಣ, ಯಾವುದೂ ಒಂದೇ ರೀತಿ ಇರಲಿಲ್ಲ. ಆಗ ಅವು ಬರೀ ಎಡವಟ್ಟುಗಳು. ಮುಂದೆ ಅವೇ ಹಲ್ಕ್‌ನ ಬೇರೆಬೇರೆ ವ್ಯಕ್ತಿತ್ವಗಳಾದವು.

4/10
ಈಗ ಕಾಮಿಕ್ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗೋಣ. ವರ್ಷ ಅದೇ 1962, ತಿಂಗಳು ಜುಲೈ. ಕೊಲರಾಡೋದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿಷಯ: ಮನೆಯವರ ಕೈಯಲ್ಲೇ ಏಟು ತಿಂದು ಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬರುವ ಮಕ್ಕಳು.

ಅವರು 71 ಆಸ್ಪತ್ರೆಗಳಿಂದ ಮಾಹಿತಿ ತರಿಸಿದ್ರು. ಒಂದೇ ವರ್ಷದಲ್ಲಿ 302 ಮಕ್ಕಳು. ಅವರಲ್ಲಿ 33 ಮಕ್ಕಳು ತೀರಿಕೊಂಡಿದ್ರು, 85 ಮಕ್ಕಳಿಗೆ ಮಿದುಳಿಗೆ ಶಾಶ್ವತ ಪೆಟ್ಟು.

ಇದಕ್ಕೂ 16 ವರ್ಷ ಮೊದಲೇ, 1946ರಲ್ಲಿ, ಜಾನ್ ಕ್ಯಾಫಿ ಅನ್ನೋ ಎಕ್ಸ್‌ರೇ ತಜ್ಞ ಇಂಥ ವಿಚಿತ್ರ ಮುರಿತಗಳನ್ನು ಗುರುತಿಸಿ ಬರೆದಿದ್ರು. ಎಕ್ಸ್‌ರೇ ಸುಳ್ಳು ಹೇಳಲ್ಲ. ಆದ್ರೂ 'ಹೆತ್ತವರೇ ಹೀಗೆ ಮಾಡ್ತಾರಾ?' ಅನ್ನೋದನ್ನು ನಂಬೋಕೆ ವೈದ್ಯರೇ ಹಿಂಜರೀತಿದ್ರು. ಕೆಂಪೆ ಅದಕ್ಕೊಂದು ಹೆಸರು ಕೊಟ್ಟ ಮೇಲೆ ಕಣ್ಣು ತೆರೀತು. ಕೆಲವೇ ವರ್ಷಗಳಲ್ಲಿ ಅಲ್ಲಿನ ರಾಜ್ಯಗಳು ಕಾನೂನು ತಂದವು: ಇಂಥ ಗಾಯ ಕಂಡ ವೈದ್ಯರು ವರದಿ ಮಾಡಲೇಬೇಕು. 1974ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೂ ಬಂತು.

ಒಂದೇ ವರ್ಷ. ಒಂದು ಕಡೆ ಬಾಂಬ್‌ನಿಂದ ಹುಟ್ಟಿದ ಕಾಲ್ಪನಿಕ ರಾಕ್ಷಸ, ಇನ್ನೊಂದು ಕಡೆ ಮನೆಯೊಳಗಿನ ನಿಜವಾದ ಕ್ರೌರ್ಯ. ಇವೆರಡೂ ಒಂದೇ ಕಥೆಯಲ್ಲಿ ಸೇರೋಕೆ ಇನ್ನೂ ಬಹಳ ದಿನ ಇತ್ತು.

5/10
ಯಾಕೆ ಸೇರಲಿಲ್ಲ? ಒಂದು ಕಾರಣ, ಕಾಮಿಕ್ಸ್ ಕೋಡ್.

1950ರ ದಶಕದಲ್ಲಿ 'ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದ್ದಾರೆ' ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ ಎದ್ದಿತ್ತು. ಸೆನೆಟ್ ವಿಚಾರಣೆಯೂ ನಡೀತು. ಹೆದರಿದ ಪ್ರಕಾಶಕರು 1954ರಲ್ಲಿ ತಾವೇ ಒಂದು ನಿಯಮಾವಳಿ ಮಾಡಿಕೊಂಡ್ರು. ಅದರ ಮುದ್ರೆ ಇಲ್ಲದಿದ್ರೆ ಪುಸ್ತಕ ಅಂಗಡಿಗೆ ಹೋಗೋದೇ ಕಷ್ಟ. ಆ ನಿಯಮಗಳಲ್ಲಿ ಒಂದು, ಕಥೆಗಳು ತಂದೆತಾಯಿ ಬಗ್ಗೆ ಗೌರವ ಬೆಳೆಸಬೇಕು ಅನ್ನೋದು.

ಕೇಳೋಕೆ ಒಳ್ಳೇ ಮಾತೇ. ಆದ್ರೆ ಯೋಚಿಸಿ ನೋಡಿ. ಮಗುವನ್ನು ಹೊಡೆದು ಮೂಲೆಗೆ ತಳ್ಳುವ ಅಪ್ಪನ ಕಥೆ ಬರೆಯೋದು ಹೇಗೆ? ಮಕ್ಕಳನ್ನು ಕಾಪಾಡೋಕೆ ಅಂತ ಬಂದ ನಿಯಮವೇ ಮಕ್ಕಳಿಗಾಗ್ತಿದ್ದ ಹಿಂಸೆಯ ಮಾತಿಗೆ ಅಡ್ಡ ನಿಂತಿತು. 1971ರಲ್ಲಿ ಕೋಡ್ ಸಡಿಲವಾಯ್ತು, ಮುಂದಿನ ದಶಕದಲ್ಲಿ ಅದರ ಹಿಡಿತ ಇನ್ನೂ ಕಡಿಮೆಯಾಯ್ತು.

6/10
ಇದೇ ಹೊತ್ತಲ್ಲಿ ಇನ್ನೊಂದು ವಿಷಯ ಜನರ ಬಾಯಿಗೆ ಬಂತು. 1973ರಲ್ಲಿ 'ಸಿಬಿಲ್' ಅನ್ನೋ ಪುಸ್ತಕ. ಒಬ್ಬ ಮಹಿಳೆಯಲ್ಲಿ 16 ವ್ಯಕ್ತಿತ್ವಗಳು, ಕಾರಣ ಬಾಲ್ಯದ ಹಿಂಸೆ ಅಂತ ಅದರ ಕಥೆ. 1976ರಲ್ಲಿ ಟಿವಿ ಚಿತ್ರವೂ ಆಯ್ತು. ಆ ಮಹಿಳೆಯ ಚಿಕಿತ್ಸೆ ನಡೆದ ರೀತಿಯ ಬಗ್ಗೆ ಆಮೇಲೆ ಗಂಭೀರ ಪ್ರಶ್ನೆಗಳು ಎದ್ದವು, ಅದು ಬೇರೆ ಮಾತು. ಪುಸ್ತಕದ ಪ್ರಭಾವ ಮಾತ್ರ ದೊಡ್ಡದು.

1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ 'ಮಲ್ಟಿಪಲ್ ಪರ್ಸನಾಲಿಟಿ ಡಿಸಾರ್ಡರ್' ಸೇರಿತು. 1994ರಲ್ಲಿ ಅದರ ಹೆಸರು 'ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್' ಅಂತ ಬದಲಾಯ್ತು. ಚಿಕ್ಕದಾಗಿ ಡಿಐಡಿ. ನಮ್ಮಲ್ಲಿ ಈ ಮಾತು ಬಂದ್ರೆ ಎಲ್ಲರಿಗೂ 'ಆಪ್ತಮಿತ್ರ'ದ ನಾಗವಲ್ಲಿಯೇ ನೆನಪಾಗೋದು, ಅಲ್ವಾ? ಹಾಗೇ ಅಮೆರಿಕದವರಿಗೆ ಸಿಬಿಲ್.

ಸರಳವಾಗಿ ಹೇಳೋದಾದ್ರೆ, ಸಣ್ಣ ಮಗುವಿಗೆ ತಡೆಯಲಾರದಂಥ ಹಿಂಸೆ ಮತ್ತೆಮತ್ತೆ ಆದಾಗ, ಓಡಿಹೋಗೋಕೂ ದಾರಿ ಇಲ್ಲದಾಗ, ಮನಸ್ಸು ಆ ನೆನಪು, ಆ ನೋವು, ಆ ಸಿಟ್ಟನ್ನು 'ಇದು ನನ್ನದಲ್ಲ' ಅಂತ ಬೇರೆ ಇಡುತ್ತೆ. ಹಾಗೆ ಬೇರೆ ಇಟ್ಟ ಭಾಗಗಳು ಒಂದಾಗದೆ ಬೆಳೆದುಬಿಡಬಹುದು. ತುಂಬಾ ತಜ್ಞರು ಡಿಐಡಿಯನ್ನು ಹೀಗೆ ವಿವರಿಸ್ತಾರೆ.

7/10
ಈಗ 1985ಕ್ಕೆ ಬನ್ನಿ. ಹಲ್ಕ್ ಸಂಚಿಕೆ 312. ಕಥೆ ಬಿಲ್ ಮ್ಯಾಂಟ್ಲೊ, ಚಿತ್ರ ಮೈಕ್ ಮಿನ್ಯೋಲಾ. ಶೀರ್ಷಿಕೆ 'ಮಾನ್‌ಸ್ಟರ್'.

ಬ್ರೂಸ್‌ನ ಅಪ್ಪ ಬ್ರಯನ್ ಬ್ಯಾನರ್ ಅಣು ವಿಜ್ಞಾನಿ. ವಿಕಿರಣದಿಂದ ತನ್ನ ರಕ್ತವೇ ಕೆಟ್ಟಿದೆ, ಹುಟ್ಟಿದ ಮಗ ರಾಕ್ಷಸ ಅಂತ ಅವನ ತಲೇಲಿ ಕೂತಿದೆ. ಮಗು ವಯಸ್ಸಿಗೆ ಮೀರಿದ ಬುದ್ಧಿ ತೋರಿಸಿದ್ರೆ ಆ ಅನುಮಾನ ಇನ್ನೂ ಗಟ್ಟಿಯಾಗುತ್ತೆ. ಮಗನನ್ನು ಹೊಡೀತಾನೆ. ಅಡ್ಡ ಬಂದ ತಾಯಿ ರೆಬೆಕ್ಕಾಳನ್ನು ಹೊಡೀತಾನೆ. ಮಗನನ್ನು ಕರ್ಕೊಂಡು ಮನೆ ಬಿಟ್ಟು ಹೊರಟವಳನ್ನು ಮಗನ ಕಣ್ಣೆದುರೇ ಕೊಂದುಹಾಕ್ತಾನೆ.

ಆಮೇಲಿನ ಕಥೆಗಳಲ್ಲಿ ಇನ್ನೊಂದು ವಿವರ ಬಂತು. ಕೋರ್ಟಿನಲ್ಲಿ ಬಾಯಿ ಬಿಟ್ರೆ ನರಕಕ್ಕೆ ಹೋಗ್ತೀಯ ಅಂತ ಅಪ್ಪ ಹೆದರಿಸಿದ್ದರಿಂದ, ಆ ಹುಡುಗ ನಮ್ಮಪ್ಪ ಹೊಡೆದೇ ಇಲ್ಲ ಅಂತ ಹೇಳಿಬಿಡ್ತಾನೆ.

ಈಗ ಎರಡನೇ ಭಾಗದ ಮಾತು ನೆನಪು ಮಾಡಿಕೊಳ್ಳಿ. ರಿಕ್ ಜೋನ್ಸ್‌ಗಾಗಿ ಬ್ಯಾನರ್ ಯಾಕೆ ಅಷ್ಟು ಜೋರಾಗಿ ಓಡಿದ? 1962ರಲ್ಲಿ ಅದು ಬರೀ ಒಳ್ಳೆಯತನ. 1985ರ ನಂತರ ಓದಿದ್ರೆ, ತಾನು ಚಿಕ್ಕವನಿದ್ದಾಗ ತನಗಾಗಿ ಯಾರೂ ಹಾಗೆ ಓಡಿ ಬರಲಿಲ್ಲ ಅನ್ನೋದೂ ಅದರೊಳಗೆ ಕಾಣುತ್ತೆ. ಹಲ್ಕ್‌ನ ತೊದಲು ಮಾತು, 'ನನ್ನ ಪಾಡಿಗೆ ನನ್ನನ್ನ ಬಿಟ್ಟುಬಿಡಿ' ಅನ್ನೋ ಹಟ, ಎಲ್ಲವೂ ಏಟು ತಿಂದ ಮಗುವಿನ ದನಿಯಂತೆ ಕೇಳಿಸುತ್ತೆ. ಬಾಂಬ್ ಆ ಮಗುವನ್ನು ಸೃಷ್ಟಿಸಲಿಲ್ಲ, ಹೊರಗೆ ಬಿಟ್ಟಿತು ಅಷ್ಟೇ.

8/10
1987ರಲ್ಲಿ ಪೀಟರ್ ಡೇವಿಡ್ ಬರೆಯೋಕೆ ಶುರು ಮಾಡಿದ್ರು. 1998ರವರೆಗೆ ಬರೀತಾನೇ ಇದ್ರು. ಹಳೇ ಎಡವಟ್ಟುಗಳನ್ನೆಲ್ಲ ಅವರು ಒಂದು ದಾರದಲ್ಲಿ ಪೋಣಿಸಿದ ರೀತಿ ನೋಡಿ.

ಹಸಿರು ಹಲ್ಕ್ ಅಂದ್ರೆ ಬ್ರೂಸ್ ಒಳಗಿನ ಚಿಕ್ಕ ಮಗು: ಸಿಟ್ಟು, ಅಳು, ಒಂಟಿತನ. ಬೂದು ಹಲ್ಕ್ ಅಂದ್ರೆ ಹದಿಹರೆಯದವನು: ಶೋಕಿ, ಸ್ವಾರ್ಥ, ಯಾರ ಮಾತೂ ಕೇಳದವನು. ಅವನೇ ಜೋ ಫಿಕ್ಸಿಟ್ ಅಂತ ಹೆಸರಿಟ್ಟುಕೊಂಡು ಲಾಸ್ ವೇಗಸ್ ಕ್ಯಾಸಿನೋದಲ್ಲಿ ಕೆಲಸಕ್ಕಿದ್ದವನು. ಬ್ಯಾನರ್ ಅಂದ್ರೆ ಭಾವನೆಗಳನ್ನೆಲ್ಲ ಅದುಮಿಟ್ಟು ಬರೀ ಬುದ್ಧಿಯಲ್ಲಿ ಬದುಕುವವನು. 1962ರಲ್ಲಿ ಮುದ್ರಣದ ತೊಂದರೆಯಿಂದ ಮಾಯವಾಗಿದ್ದ ಬಣ್ಣ ಈಗ ಒಬ್ಬ ಪೂರ್ತಿ ಮನುಷ್ಯ!

ಸಂಚಿಕೆ 377, 1991. ಚಿತ್ರ ಡೇಲ್ ಕಿಯೋನ್. ಮನೋವೈದ್ಯ ಡಾಕ್ ಸ್ಯಾಮ್ಸನ್ ಬ್ಯಾನರ್‌ಗೆ ಸಮ್ಮೋಹನ ಚಿಕಿತ್ಸೆ ಮಾಡ್ತಾನೆ. ಆ ಸಂಚಿಕೆಯ ಮುಖ್ಯ ಜಗಳ ನಡೆಯೋದು ಮನಸ್ಸಿನೊಳಗೆ. ಮೂವರೂ ಸೇರಿ ಎದುರಿಸಬೇಕಾಗಿರೋದು ಅಪ್ಪನ ನೆನಪನ್ನ, ಅಮ್ಮನ ಸಾವನ್ನ. ಎದುರಿಸಿ ಒಂದಾದಾಗ ಹೊಸ ಹಲ್ಕ್ ಬರ್ತಾನೆ, ಹಸಿರು ಮೈ, ಬ್ಯಾನರ್‌ನ ಬುದ್ಧಿ. ಹೊಡೆದು ಗೆಲ್ಲೋ ಹೀರೋ ಇಲ್ಲಿ ದುಃಖಪಟ್ಟು ಗೆಲ್ತಾನೆ.

9/10
ಕಥೆ ಅಲ್ಲಿಗೆ ಸುಖಾಂತ್ಯ ಆಗಲಿಲ್ಲ. ಮುಂದಿನ ಲೇಖಕರು ಆ 'ಒಂದಾದ' ಹಲ್ಕ್ ಕೂಡ ಇನ್ನೊಂದು ವ್ಯಕ್ತಿತ್ವವೇ ಅಂದ್ರು. ಪಾಲ್ ಜೆಂಕಿನ್ಸ್ ಕಾಲದಲ್ಲಿ ಡೆವಿಲ್ ಹಲ್ಕ್ ಬಂದ, ಬ್ಯಾನರ್ ತಲೆಯೊಳಗೆ ಬಂಧಿಯಾಗಿದ್ದ ಭಯಂಕರ ರೂಪ. 2003ರಲ್ಲಿ ಆಂಗ್ ಲೀ ಸಿನಿಮಾ ಮಾಡಿದಾಗ ಅಪ್ಪನ ಹಿಂಸೆಯನ್ನೇ ಕಥೆಯ ನಡುವೆ ಇಟ್ರು.

ಆಮೇಲೆ ಆಲ್ ಯೂಯಿಂಗ್ ಬರೆದ 'ಇಮ್ಮಾರ್ಟಲ್ ಹಲ್ಕ್', 2018ರಿಂದ 2021, 50 ಸಂಚಿಕೆ. ಅದರಲ್ಲಿ ಡೆವಿಲ್ ಹಲ್ಕ್ ಬಗ್ಗೆ ಗೊತ್ತಾಗುವ ವಿಷಯ ಹೊಟ್ಟೆ ಹಿಂಡುತ್ತೆ. ಆ ಸೈತಾನ ಬ್ರೂಸ್‌ನನ್ನ ಪ್ರೀತಿಸ್ತಾನೆ. ಕಾಪಾಡುವ ಅಪ್ಪ ಸಿಗದ ಮಗು, ತನ್ನ ಮನಸ್ಸಿನೊಳಗೇ ಒಬ್ಬ ಅಪ್ಪನನ್ನು ಮಾಡಿಕೊಂಡಿತ್ತು. ಅಪ್ಪ ಅಂದ್ರೆ ಭಯಂಕರ ಅಂತ ಮಾತ್ರ ಗೊತ್ತಿದ್ದ ಮಗುವಿಗೆ, ಆ ರಕ್ಷಕನ ಮುಖವೂ ಭಯಂಕರವಾಗಿಯೇ ಬಂತು.

10/10
ಕೊನೆಗೆ ಎರಡು ಮಾತು.

ಒಂದು: ಹಲ್ಕ್ ಕಥೆಯನ್ನು ಡಿಐಡಿಯ ಪಾಠ ಅಂತ ಓದಬೇಡಿ. ಒಂದೇ ಸಂಚಿಕೆಯಲ್ಲಿ ಸಮ್ಮೋಹನ ಮಾಡಿ ವಾಸಿ ಮಾಡೋದೆಲ್ಲ ಕಾಮಿಕ್‌ನಲ್ಲಷ್ಟೇ. ನಿಜವಾದ ಚಿಕಿತ್ಸೆಗೆ ವರ್ಷಗಳೇ ಹಿಡೀಬಹುದು. ಸಮ್ಮೋಹನದಲ್ಲಿ ಇಲ್ಲದ ನೆನಪೂ ಹುಟ್ಟಬಹುದು ಅನ್ನೋ ಎಚ್ಚರಿಕೆ ಇವತ್ತು ವೈದ್ಯರಿಗಿದೆ. ಡಿಐಡಿ ಇರುವವರು ಊರು ಒಡೆಯುವ ರಾಕ್ಷಸರೂ ಅಲ್ಲ. ಅವರಿಂದ ಇತರರಿಗೆ ಅಪಾಯ ಅನ್ನೋದಕ್ಕಿಂತ ಅವರು ತಮಗೇ ಹಾನಿ ಮಾಡಿಕೊಳ್ಳುವ ಅಪಾಯ ಹೆಚ್ಚು. ಸಿನಿಮಾ ನೋಡಿ ಕ್ಲಾಸಿನಲ್ಲಿ ಯಾರಿಗಾದ್ರೂ 'ಲೇ, ನಿಂಗೆ ಸ್ಪ್ಲಿಟ್ ಪರ್ಸನಾಲಿಟಿ' ಅಂತ ರೇಗಿಸೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ.

ಎರಡು: ಕಾಮಿಕ್ಸ್ ಪ್ರಕಾರ ಬ್ರಯನ್ ಬ್ಯಾನರ್ ಕೂಡ ಅಪ್ಪನ ಏಟು ತಿಂದೇ ಬೆಳೆದವನು. ಬ್ರೂಸ್ ತನ್ನ ಜೀವನದಲ್ಲಿ ತುಂಬಾ ಹೆದರೋದು ಹಲ್ಕ್‌ಗಲ್ಲ, ತಾನೂ ಅಪ್ಪನಂತೆ ಆಗಿಬಿಡ್ತೀನಾ ಅನ್ನೋದಕ್ಕೆ. ಈ ಸರಪಳಿ ಗಟ್ಟಿಯಾಗೋದು ಯಾರೂ ಬಾಯಿ ಬಿಡದಿದ್ದಾಗ. ಎಕ್ಸ್‌ರೇ ಕಂಡರೂ ನಂಬದ ವೈದ್ಯರು, ಅಪ್ಪನ ಬಗ್ಗೆ ಕೆಟ್ಟದ್ದು ಬರೆಯೋಕೆ ಬಿಡದ ನಿಯಮ, ಕೋರ್ಟಿನಲ್ಲಿ ಹೆದರಿ ಸುಳ್ಳು ಹೇಳಿದ ಹುಡುಗ: ಇವೆಲ್ಲ ಒಂದೇ ಮೌನದ ಬೇರೆಬೇರೆ ರೂಪ.

'ಹೊಡೆದು ಬೆಳೆಸಿದ್ರೇನೇ ಮಕ್ಕಳು ಸರಿಯಾಗೋದು' ಅನ್ನೋ ಮಾತು ನಮ್ಮ ಮನೆಗಳಲ್ಲೂ ಕೇಳ್ತೀವಿ. ನಿಮ್ಮ ಮೇಲೋ, ನಿಮ್ಮ ಗೆಳೆಯರ ಮೇಲೋ ಹಿಂಸೆ ನಡೀತಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಮನಸ್ಸಿಗೆ ಕಷ್ಟ ಅನಿಸಿದ್ರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ.

ಕ್ಲಾಸಿನಲ್ಲಿ ಸಣ್ಣದಕ್ಕೂ ಸಿಡಿದು ಬೀಳೋ ಒಬ್ಬ ಇರ್ತಾನಲ್ಲ, ಎಲ್ಲರೂ ಹಲ್ಕ್ ಅಂತ ಅಡ್ಡಹೆಸರಿಟ್ಟು ದೂರ ಇಡೋನು? ನಾಳೆ ಅವನ ಪಕ್ಕ ಕೂತು ಊಟದ ಡಬ್ಬಿ ತೆಗೀರಿ. ಏನೂ ಕೇಳಬೇಡಿ. ಸುಮ್ನೆ ಕೂತ್ಕೊಳ್ಳಿ, ಸಾಕು.

ಇಷ್ಟ ಆದ್ರೆ ಸೇವ್ ಮಾಡಿ, ಬೇಕಾದವರಿಗೆ ಕಳಿಸಿ. ಮುಂದಿನ ಸರಣಿಗೆ ಯಾವ ಹೀರೋ ಬೇಕು, ಕಾಮೆಂಟ್‌ನಲ್ಲಿ ಹೇಳಿ.

#ಹಲ್ಕ್ #ಕಾಮಿಕ್ಸ್_ಇತಿಹಾಸ #ಕನ್ನಡದಲ್ಲಿ_ಓದಿ